ಅಪ್ಪನ ಹೊಟ್ಟೆ ಕ್ಯಾನ್ಸರ್ ಆಪರೇಷನ್ ಮುಂದಕ್ಕೆ ಹಾಕಿ "ಮೊದಲು ಪೋಷಣೆ" ಅಂದಿದ್ದಾರೆ. ಕಾಯಬಹುದಾ?

ತಿಪಟೂರಿನವಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಜಠರದ ಕೆಳತುದಿಯಲ್ಲಿ, ಸಣ್ಣ ಕರುಳಿಗೆ ಸೇರುವ ಕಡೆ ಗಡ್ಡೆ ಇದೆ. ಬೆಂಗಳೂರಲ್ಲಿ ತೋರಿಸ್ತಿದ್ದೀವಿ. ಎಫ್‌ಎಲ್‌ಒಟಿ ಅನ್ನೋ ಕೀಮೋ ನಾಲ್ಕು ಸುತ್ತು ಮುಗಿದಿದೆ. ಬೇರೆಲ್ಲೂ ಹರಡಿಲ್ಲ, ಆಪರೇಷನ್ ಮಾಡಬಹುದು ಅಂತ ಹೇಳಿದಾಗ ಮನೆಯವರೆಲ್ಲ ಉಸಿರು ಬಿಟ್ಟಿದ್ವಿ. ಆದರೆ ಈ ವಾರ ಹೋದಾಗ ತೂಕ ನೋಡಿದ ಸರ್ಜನ್, "ಈಗಲೇ ಬೇಡ, ಎರಡು ವಾರ ಪೋಷಣೆ ಕೊಟ್ಟು ಆಮೇಲೆ ಮಾಡೋಣ" ಅಂದ್ರು.

ಅಪ್ಪ 58 ಕೆಜಿ ಇದ್ದವರು ನಾಲ್ಕು ತಿಂಗಳಲ್ಲಿ 49ಕ್ಕೆ ಇಳಿದಿದ್ದಾರೆ. ಎತ್ತರ ಐದೂವರೆ ಅಡಿಗೆ ಸ್ವಲ್ಪ ಕಮ್ಮಿ. ರಕ್ತದಲ್ಲಿರೋ ಅಲ್ಬುಮಿನ್ ಅನ್ನೋ ಪ್ರೋಟೀನ್ 2.8 ಅಂತ ರಿಪೋರ್ಟಲ್ಲಿದೆ. ಬೆಳಿಗ್ಗೆ ತಿಂದದ್ದು ಎಷ್ಟೋ ಸಲ ಸಂಜೆ ಹಾಗೇ ವಾಂತಿ ಆಗುತ್ತೆ. ಅದಕ್ಕೆ ಮೂಗಿನಿಂದ ಸಣ್ಣ ಟ್ಯೂಬನ್ನು ಗಡ್ಡೆ ದಾಟಿಸಿ ಕರುಳಿಗೆ ಬಿಟ್ಟು ಆಹಾರ ಕೊಡ್ತಾರಂತೆ.

ಅಮ್ಮ ಮೂಗಿಗೆ ಟ್ಯೂಬ್ ಅಂದ ಕೂಡಲೇ ಅಳೋಕೆ ಶುರು ಮಾಡಿದ್ರು. ನಮ್ಮೂರಲ್ಲಿ ಅದನ್ನ ಕೊನೆಗಾಲದಲ್ಲಿ ಹಾಕೋದು ಅಂತಲೇ ಎಲ್ಲರೂ ನೋಡಿರೋದು. ದೊಡ್ಡಪ್ಪ, "ಕ್ಯಾನ್ಸರ್ ಇಟ್ಕೊಂಡು ಎರಡು ವಾರ ಕಾಯೋದು ಎಲ್ಲಾದರೂ ಉಂಟಾ, ಬೇರೆ ಕಡೆ ಹೋಗೋಣ" ಅಂತಿದ್ದಾರೆ. ಅಣ್ಣ, "ಗಡ್ಡೆ ತೆಗೆದ ಮೇಲೆ ಹೇಗೂ ತಿಂತಾರಲ್ಲ" ಅಂತಾನೆ. ಇದನ್ನ ಕಂಡವರು, ಗೊತ್ತಿರೋರು ದಯವಿಟ್ಟು ಹೇಳಿ.

ಕೆಂಗೇರಿ ನಿವಾಸಿ

ಗಡ್ಡೆ ಒಳಗೇ ಇರುವಾಗ ದಿನ ದೂಡೋದು ಸರಿ ಕಾಣಲ್ಲಮ್ಮ. ಇನ್ನೊಬ್ಬ ಡಾಕ್ಟರ ಹತ್ತಿರ ಕೇಳಿ ನೋಡಿ.

ಡಯಟಿಷಿಯನ್, ಮೈಸೂರು

ಇನ್ನೊಬ್ಬರನ್ನ ಕೇಳೋದು ನಿಮ್ಮ ಹಕ್ಕು, ಬೇಡ ಅನ್ನಲ್ಲ. ಆದರೆ ತೂಕ ನೋಡಿ ಆಪರೇಷನ್ ಮುಂದೆ ಹಾಕಿದ ಸರ್ಜನ್ ನಿಮಗೆ ಸಿಕ್ಕಿದ್ದಾರೆ. ಅವರನ್ನ ಬಿಟ್ಟು ಓಡಬೇಡಿ ಅಂತ ನನ್ನ ಕಳಕಳಿಯ ಮಾತು. ನಾನು ಕ್ಯಾನ್ಸರ್ ರೋಗಿಗಳ ಊಟ ನೋಡಿಕೊಳ್ಳುವ ಕೆಲಸದಲ್ಲಿದ್ದೀನಿ.

ನೀವು ಕೊಟ್ಟ ಸಂಖ್ಯೆಗಳನ್ನೇ ನೋಡಿ. 58ರಲ್ಲಿ 9 ಕೆಜಿ ಹೋಗಿದೆ ಅಂದರೆ ನೂರಕ್ಕೆ 15ಕ್ಕಿಂತ ಹೆಚ್ಚು. ನಿಮ್ಮ ಅಪ್ಪನ ಎತ್ತರಕ್ಕೆ 49 ಕೆಜಿ ಅಂದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನೋ ಅಳತೆ, 18ರ ಆಸುಪಾಸು. ಯುರೋಪಿನ ಪೋಷಣಾ ತಜ್ಞರ ಸಂಘ, ಎಸ್ಪೆನ್ ಅಂತಾರೆ, ಅದರ ಮಾರ್ಗಸೂಚಿಯಲ್ಲಿ ತೀವ್ರ ಅಪಾಯದ ಗುರುತುಗಳಿವೆ: ಆರು ತಿಂಗಳಲ್ಲಿ ಶೇ. 10ರಿಂದ 15ಕ್ಕಿಂತ ಹೆಚ್ಚು ತೂಕ ಇಳಿದಿರೋದು, ಬಿಎಂಐ 18.5ಕ್ಕಿಂತ ಕಡಿಮೆ ಇರೋದು, ಲಿವರ್ ಕಿಡ್ನಿ ಚೆನ್ನಾಗಿದ್ದೂ ಅಲ್ಬುಮಿನ್ 3ಕ್ಕಿಂತ ಕೆಳಗಿರೋದು. ಇವುಗಳಲ್ಲಿ ಒಂದಿದ್ದರೂ ಸಾಕು. ನಿಮ್ಮ ಅಪ್ಪನಿಗೆ ಮೂರೂ ಇರುವ ಹಾಗಿದೆ. ಇಂಥವರಿಗೆ ದೊಡ್ಡ ಆಪರೇಷನ್ನಿಗೆ ಮುಂಚೆ 7ರಿಂದ 14 ದಿನ ಪೋಷಣೆ ಕೊಡಿ, ಕ್ಯಾನ್ಸರ್ ಆಪರೇಷನ್ ಆದರೂ ಸರಿ, ಮುಂದಕ್ಕೆ ಹಾಕಿ ಕೊಡಿ ಅಂತ ಆ ಮಾರ್ಗಸೂಚಿ ಬಾಯಿಬಿಟ್ಟು ಹೇಳುತ್ತೆ. ನಿಮ್ಮ ಸರ್ಜನ್ ಹೇಳಿದ್ದು ಇದನ್ನೇ.

ಇದು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. 1936ರಲ್ಲಿ ಅಮೆರಿಕದ ಸ್ಟಡ್ಲಿ ಅನ್ನೋ ಸರ್ಜನ್, ಹೊಟ್ಟೆ ಹುಣ್ಣಿಗೆ ಆಪರೇಷನ್ ಆದವರ ತೂಕದ ಲೆಕ್ಕ ಇಟ್ಟರು. ಮೊದಲೇ ಶೇ. 20ಕ್ಕಿಂತ ಹೆಚ್ಚು ತೂಕ ಕಳಕೊಂಡಿದ್ದವರಲ್ಲಿ ಮೂರರಲ್ಲಿ ಒಬ್ಬರು ಉಳಿಯಲಿಲ್ಲ. ಅಷ್ಟು ಇಳಿಯದೇ ಇದ್ದವರಲ್ಲಿ ಸತ್ತವರು ಶೇ. 3.5 ಮಾತ್ರ. ಆಗಿನ ಅರವಳಿಕೆ, ಔಷಧಿ ಈಗಿನಂತಿರಲಿಲ್ಲ ನಿಜ. ಆದರೂ ಬಡಕಲಾದ ಮೈಗೆ ಕತ್ತರಿ ಹಾಕಿದರೆ ಅಪಾಯ ಹೆಚ್ಚು ಅನ್ನೋದು ಇವತ್ತಿಗೂ ಹಾಗೇ ಇದೆ.

ಸರ್ಜರಿ ಪಿಜಿ

ಮೇಡಂ ಹೇಳಿದ್ದಕ್ಕೆ ನನ್ನ ಕಡೆಯಿಂದ ಸ್ವಲ್ಪ. ಜಠರ ತೆಗೆದ ಮೇಲೆ ಉಳಿದ ಭಾಗವನ್ನ ಕರುಳಿಗೆ ಹೊಲಿದು ಜೋಡಿಸ್ತೀವಿ. ಒಳಗಿನ ಆ ಜೋಡಣೆ ಕೂಡಿಕೊಳ್ಳೋಕೆ ಮೈಯಲ್ಲಿ ಪ್ರೋಟೀನ್ ಇರಬೇಕು. ಜೋಡಣೆ ಸೋರಿದರೆ ಹೊಟ್ಟೆಯೊಳಗೆ ಕೀವು, ಐಸಿಯು, ಮತ್ತೊಂದು ಆಪರೇಷನ್, ಆಸ್ಪತ್ರೆಯಲ್ಲೇ ವಾರಗಟ್ಟಲೆ. ಅದರಿಂದ ಮುಂದಿನ ಕೀಮೋ ಕೂಡ ತಡವಾಗುತ್ತೆ, ಕೆಲವರಿಗೆ ಕೊಡೋಕೇ ಆಗಲ್ಲ. ಎಫ್‌ಎಲ್‌ಒಟಿ ಆಪರೇಷನ್ನಿಗೆ ಮುಂಚೆ ನಾಲ್ಕು ಸುತ್ತು, ಆಮೇಲೆ ನಾಲ್ಕು ಸುತ್ತು. ಮೈ ಗಟ್ಟಿ ಇದ್ದರೆ ಮಾತ್ರ ಎರಡನೇ ಅರ್ಧ ಮುಗಿಸೋಕೆ ಸಾಧ್ಯ.

ದೊಡ್ಡಪ್ಪನವರಿಗೆ ಇದನ್ನ ಹೇಳಿ: ಕೀಮೋ ಮುಗಿದ ಮಾರನೇ ದಿನವೇ ಯಾರೂ ಆಪರೇಷನ್ ಮಾಡಲ್ಲ. ರಕ್ತಕಣಗಳು ಚೇತರಿಸಿಕೊಳ್ಳಲಿ ಅಂತ ಹೇಗೂ ನಾಲ್ಕು ವಾರದಷ್ಟು ಬಿಡ್ತೀವಿ. ನೀವು ಕಾಯುವ ಎರಡು ವಾರದಲ್ಲಿ ಬಹುಪಾಲು ಅದರೊಳಗೇ ಬರುತ್ತೆ.

ಇನ್ನು ಅಣ್ಣನವರ ಮಾತು. ಗಡ್ಡೆ ತೆಗೆದ ಮೇಲೆ ವಾಂತಿ ನಿಲ್ಲುತ್ತೆ, ಸರಿ. ಆದರೆ ಆಪರೇಷನ್ ಆದ ಮೊದಲ ದಿನಗಳಲ್ಲಿ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಗಾಯ ಮಾಯಿಸೋಕೆ ಬಳಸುತ್ತೆ. ಜಠರ ಚಿಕ್ಕದಾಗಿರೋದರಿಂದ ತಿನ್ನೋದೂ ಕೆಲವು ವಾರ ತುತ್ತು ತುತ್ತು. ಆಪರೇಷನ್ ಆದ ಮೇಲೆ ತೂಕ ಇನ್ನಷ್ಟು ಇಳಿಯೋದೇ ಸಾಮಾನ್ಯ. ಕರಗೋಕೆ ಏನಾದರೂ ಇರಬೇಕಲ್ವಾ?

ಶಾರದತ್ತೆ

ಮಗು, ಧೈರ್ಯವಾಗಿರು. ನಮ್ಮ ಕಡೆ ಇಂಥ ಕಾಯಿಲೆಗೆ ಕಟ್ಟುನಿಟ್ಟಾಗಿ ಪಥ್ಯ ಮಾಡಿಸ್ತೀವಿ. ಸಕ್ಕರೆ, ಬೆಲ್ಲ ಪೂರ್ತಿ ಬಂದ್. ಹಾಲು, ಮೊಟ್ಟೆ, ತುಪ್ಪ ಬೇಡ. ಗಂಜಿ ತಿಳಿ, ಸೋರೆಕಾಯಿ ರಸ, ತರಕಾರಿ ಬೇಯಿಸಿದ ನೀರು ಮಾತ್ರ. ಸಕ್ಕರೆ ನಿಂತರೆ ಗಡ್ಡೆ ಬಾಡುತ್ತೆ ಅಂತಾರೆ.

ಡಯಟಿಷಿಯನ್, ಮೈಸೂರು

ಅತ್ತೆ, ನೀವು ಅಕ್ಕರೆಯಿಂದ ಹೇಳಿದ್ದೀರಿ, ಗೊತ್ತಾಗುತ್ತೆ. ಆದರೂ ಇಲ್ಲಿ ಗಟ್ಟಿಯಾಗಿಯೇ ಹೇಳಬೇಕಾಗಿದೆ, ಯಾಕಂದರೆ ಇದನ್ನ ಓದಿ ಯಾರಾದರೂ ಮನೆಯಲ್ಲಿ ಶುರು ಮಾಡಬಹುದು. ಬಾಯಿಗೆ ಸಕ್ಕರೆ ಹಾಕದಿದ್ದರೂ ರಕ್ತದಲ್ಲಿ ಸಕ್ಕರೆ ಇದ್ದೇ ಇರುತ್ತೆ. ಲಿವರ್ ಅದನ್ನ ಮಾಂಸಖಂಡ ಕರಗಿಸಿಯಾದರೂ ತಯಾರು ಮಾಡುತ್ತೆ. ಹಾಗಾಗಿ ಉಪವಾಸದಲ್ಲಿ ಕ್ಷೀಣಿಸೋದು ರೋಗಿ, ಗಡ್ಡೆಯಲ್ಲ. ಡಯಾಬಿಟಿಸ್ ಇದ್ದವರಿಗೆ ಸಕ್ಕರೆ ಹತೋಟಿಯಲ್ಲಿರಬೇಕು, ಅದು ಬೇರೆ. ಅವರಿಗೂ ಊಟ ಕಡಿಮೆ ಮಾಡಿ ಹತೋಟಿಗೆ ತರೋದಲ್ಲ, ಮಾತ್ರೆ, ಇನ್ಸುಲಿನ್ ಹೊಂದಿಸಿ ತರೋದು.

ಸೋರೆಕಾಯಿ ರಸ, ತರಕಾರಿ ನೀರಿನಲ್ಲಿ ಶಕ್ತಿ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು. ಎರಡು ಲೋಟ ಕುಡಿದರೆ ಹೊಟ್ಟೆ ಮಾತ್ರ ತುಂಬುತ್ತೆ, ಹಾಲು ಮೊಟ್ಟೆಗೆ ಜಾಗವೇ ಉಳಿಯಲ್ಲ. ನಮ್ಮಲ್ಲಿಗೆ ಬರುವ ಎಷ್ಟೋ ಜನರ ತೂಕ ಇಳಿದಿರೋದು ಅರ್ಧ ರೋಗದಿಂದ, ಇನ್ನರ್ಧ ಇಂಥ ಪಥ್ಯದಿಂದ ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಹುಬ್ಬಳ್ಳಿ ಮಂದಿ

ಅಕ್ಕಾರ, ನಾ ಕಂಡದ್ದು ಹೇಳ್ತೀನ್ರಿ. ನಮ್ಮ ಅವ್ವಗ ಅನ್ನನಾಳದಾಗ ಗಡ್ಡಿ ಇತ್ತು. ಮೊದ್ಲ ರೊಟ್ಟಿ ನುಂಗಾಕ ಆಗಲಿಲ್ಲ, ಆಮ್ಯಾಲ ಅನ್ನ, ಕಡೀಕ ನೀರೂ ತಡದು ತಡದು ಇಳೀತಿತ್ತು. ಆಪರೇಷನ್‌ಕ್ಕ ಮೊದ್ಲ ಐದು ವಾರ ಕರೆಂಟ್ ಕೊಡೂದು, ಅಂದ್ರ ರೇಡಿಯೇಷನ್, ಜೋಡಿ ಕೀಮೋ ಅಂತ ಹೇಳಿದ್ರು. ಅಷ್ಟು ದಿನ ಹೊಟ್ಟಿಗೆ ಏನೂ ಇಲ್ಲಂದ್ರ ಹೆಂಗ? ಹಿಂಗಾಗಿ ಹೊಟ್ಟಿ ಮ್ಯಾಲಿಂದ ಸಣ್ಣ ಕರುಳಿಗೆ ನಳಿಗಿ ಇಟ್ರು.

ಅವ್ವನೂ ಮೊದ್ಲ ಒಲ್ಲೆ ಅಂದ್ಳು. ಒಂದು ವಾರ ಆಗೂದ್ರಾಗ ತಾನ ಎದ್ದು ಬಚ್ಚಲಕ್ಕ ಹೋಗಾಕ ಹತ್ತಿದ್ಳು. ಮೊದ್ಲ ಹಿಡಕೊಂಡು ಒಯ್ಯಬೇಕಾಗಿತ್ತು. ಆಪರೇಷನ್ ಆತು, ಆಮ್ಯಾಲೂ ಅದ ನಳಿಗೀಲೆ ಹಾಕಿದ್ರು, ಬಾಯಿಂದ ಛಲೋತ್ನ್ಯಾಗ ಉಣ್ಣಾಕ ಹತ್ತಿದ ಮ್ಯಾಲ ತಗದ್ರು. ನಿಮ್ಮ ಅವ್ವಾರಿಗೆ ಹೇಳ್ರಿ, ನಳಿಗಿ ಅಂದ್ರ ಮುಗೀತು ಅಂತಲ್ಲ. ಮುಂದ ಆಪರೇಷನ್ ಐತಿ ಅಂತನ ಹಾಕ್ತಾರ್ರಿ.

ತಿಪಟೂರಿನವಳು

ಅಣ್ಣಾ, ನಿಮ್ಮ ಮಾತನ್ನ ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಕೇಳಿಸಿಕೊಂಡ್ರು. ಟ್ಯೂಬಿಗೆ ಒಪ್ಪಿದ್ದಾರೆ, ಅಪ್ಪನೂ ಒಪ್ಪಿದ್ದಾರೆ. ನಾಳೆ ಅಡ್ಮಿಟ್.

ಮೇಡಂ, ಈಗ ಅಪ್ಪ ತಿನ್ನೋದು ಬೆಳಿಗ್ಗೆ ಒಂದು ಇಡ್ಲಿ, ಮಧ್ಯಾಹ್ನ ಒಂದು ಬಟ್ಟಲು ತೆಳು ಗಂಜಿ, ಸಂಜೆ ಅರ್ಧ ಲೋಟ ಹಾಲು ಎರಡು ಬಿಸ್ಕತ್ತು, ರಾತ್ರಿ ನಾಲ್ಕು ತುತ್ತು ರಸಂ ಅನ್ನ, ಮಜ್ಜಿಗೆ. ಅದರಲ್ಲೂ ವಾಂತಿ. ಟ್ಯೂಬಲ್ಲಿ ರಾಗಿ ಗಂಜಿ ಹಾಕಬಹುದಾ? ಪುಡಿ ಡಬ್ಬಿ ದುಬಾರಿ ಅಂತ ಕೇಳಿದೆ. ಡ್ರಿಪ್ ಹಾಕಿಸಿದರೆ, ಇಲ್ಲಾ ಅಲ್ಬುಮಿನ್ ಬಾಟಲಿ ಏರಿಸಿದರೆ ಬೇಗ ಆಗಲ್ವಾ?

ಡಯಟಿಷಿಯನ್, ಮೈಸೂರು

ನೀವು ಬರೆದ ಊಟಕ್ಕೆ ಲೆಕ್ಕ ಹಾಕಿದರೆ ವಾಂತಿ ಆಗದಿದ್ದರೂ ದಿನಕ್ಕೆ 450 ಕ್ಯಾಲೊರಿ ದಾಟಲ್ಲ, ಪ್ರೋಟೀನ್ 10–12 ಗ್ರಾಂ. ಬೇಕಾಗಿರೋದು ಪ್ರತಿ ಕೆಜಿ ತೂಕಕ್ಕೆ 25ರಿಂದ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್. 49 ಕೆಜಿಗೆ ಅಂದರೆ ಹೆಚ್ಚುಕಡಿಮೆ 1,225ರಿಂದ 1,470 ಕ್ಯಾಲೊರಿ, 60ರಿಂದ 73 ಗ್ರಾಂ ಪ್ರೋಟೀನ್. ಕಂದಕ ಎಷ್ಟು ದೊಡ್ಡದು ನೋಡಿ. ಬಲವಂತ ಮಾಡಿ ಬಾಯಲ್ಲಿ ತುಂಬಿಸಿ ಇದನ್ನ ಮುಚ್ಚೋಕೆ ಆಗಲ್ಲ. ದಾರಿಯೇ ಕಟ್ಟಿರುವಾಗ ಅದು ವಾಂತಿಯಾಗಿ, ಶ್ವಾಸಕೋಶಕ್ಕೂ ಹೋಗುವ ಭಯ.

ಹಾಗಂತ ಮೊದಲ ದಿನವೇ 1,400 ಕೊಡಿ ಅಂತ ಒತ್ತಾಯ ಮಾಡಬೇಡಿ. ಇದು ತುಂಬಾ ಮುಖ್ಯ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಮೈಗೆ ಒಮ್ಮೆಗೇ ಆಹಾರ ಸುರಿದರೆ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ನುಗ್ಗಿ, ರಕ್ತದಲ್ಲಿ ಅಪಾಯಕರ ಮಟ್ಟಕ್ಕೆ ಇಳಿದುಬಿಡುತ್ತವೆ. ಹೃದಯದ ಬಡಿತ ತಪ್ಪಬಹುದು, ಉಸಿರಾಟ ಸೋಲಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ಎರಡನೇ ಮಹಾಯುದ್ಧದಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಕೈದಿಗಳಿಗೆ ಹೊಟ್ಟೆತುಂಬ ಕೊಟ್ಟಾಗ ಇದು ಬೆಳಕಿಗೆ ಬಂತು. ಹಾಗಾಗಿ ಕೆಜಿಗೆ 10 ಕ್ಯಾಲೊರಿಯಷ್ಟರಿಂದ ಶುರು ಮಾಡಿ, ಮೊದಲೇ ಥಯಮಿನ್ ಅಂದರೆ ಬಿ1 ಕೊಟ್ಟು, ದಿನಾ ರಕ್ತ ಪರೀಕ್ಷೆ ಮಾಡ್ತಾ, ನಾಲ್ಕರಿಂದ ಏಳು ದಿನದಲ್ಲಿ ಪೂರ್ತಿ ಪ್ರಮಾಣಕ್ಕೆ ಏರಿಸ್ತಾರೆ. ಅಡ್ಮಿಟ್ ಮಾಡಿಕೊಳ್ಳೋದು ಅದಕ್ಕೇ. "ಇಷ್ಟು ಕಮ್ಮಿ ಕೊಟ್ಟರೆ ಹೇಗೆ" ಅಂತ ನರ್ಸಮ್ಮನ ಜೊತೆ ಜಗಳ ಬೇಡ.

ರಾಗಿ ಗಂಜಿ ಈ ಟ್ಯೂಬಿಗೆ ಹಾಕಬೇಡಿ. ಕರುಳಿಗೆ ಹೋಗುವ ನಳಿಕೆ ಬಹಳ ಸಣ್ಣದು, ಕಟ್ಟಿಕೊಳ್ಳುತ್ತೆ. ಜಠರದ ಆಮ್ಲ ದಾಟದೆ ನೇರ ಕರುಳಿಗೆ ಬೀಳೋದರಿಂದ ಮನೆಯಲ್ಲಿ ಮಾಡಿದ್ದರಲ್ಲಿ ಸೋಂಕಿನ ಭಯವೂ ಇದೆ. ಒಂದೇ ಸಲ ಸುರಿಯೋದಲ್ಲ, ಗಂಟೆಗೆ ಇಷ್ಟು ಅಂತ ಹನಿಹನಿಯಾಗಿ ಬಿಡೋದು. ಪುಡಿಯ ಖರ್ಚಿನ ವಿಷಯ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹತ್ತಿರ ಇವತ್ತೇ ಮಾತಾಡಿ, ಸಂಕೋಚ ಬೇಡ. ಒಂದು ಬ್ರ್ಯಾಂಡ್ ಬರೆದುಕೊಟ್ಟಿದ್ದರೆ ಅದೇ ಪ್ರಮಾಣದ ಅಗ್ಗದ್ದು ಇದೆಯಾ ಅಂತ ಡಯಟಿಷಿಯನ್ ಹತ್ತಿರ ಕೇಳಿ.

ಡ್ರಿಪ್: 5% ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್. ಹೆಚ್ಚೆಂದರೆ 100 ಕ್ಯಾಲೊರಿ, ಪ್ರೋಟೀನ್ ಸೊನ್ನೆ. ನೀರಿನಂಶಕ್ಕೆ ಸರಿ, ಊಟಕ್ಕೆ ಬದಲಿ ಅಲ್ಲ. ಅಲ್ಬುಮಿನ್ ಬಾಟಲಿಯೂ ಪೋಷಣೆ ಅಲ್ಲ. ರಿಪೋರ್ಟಿನ ಸಂಖ್ಯೆ ಸ್ವಲ್ಪ ದಿನ ಏರಬಹುದು, ಮೈ ಏರಲ್ಲ. ಅಲ್ಬುಮಿನ್ ಇಳಿಯೋದು ಹಸಿವಿನಿಂದ ಮಾತ್ರವಲ್ಲ, ಮೈಯೊಳಗಿನ ಉರಿಯೂತದಿಂದಲೂ ಇಳಿಯುತ್ತೆ. ಅದಕ್ಕೇ ಎರಡು ವಾರದಲ್ಲಿ ಅದು ಏರದಿದ್ದರೆ ಎದೆಗುಂದಬೇಡಿ.

ತೂಕವೂ ಅಷ್ಟೆ. 55 ಆಗಬೇಕು ಅಂತ ಯಾರೂ ಕಾಯ್ತಿಲ್ಲ. ಇಳಿಯೋದು ನಿಲ್ಲಬೇಕು, ಎದ್ದು ಓಡಾಡುವ ತ್ರಾಣ ಬರಬೇಕು.

ಕೊಪ್ಪದ ಗೃಹಿಣಿ

ಇವತ್ತೇ ಈ ಚರ್ಚೆ ನೋಡಿದೆ. ನಮ್ಮ ಯಜಮಾನರಿಗೆ ಮೇದೋಜ್ಜೀರಕ ಗ್ರಂಥಿಯ ತಲೆಯಲ್ಲಿ ಗಡ್ಡೆ. ಕಾಮಾಲೆಗೆ ಪಿತ್ತನಾಳದಲ್ಲಿ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕಿ, ಆಪರೇಷನ್ ಆಮೇಲೆ ಅಂದಿದ್ದಾರೆ. ಅವರು ಚೆನ್ನಾಗಿಯೇ ತಿಂತಾರೆ, ಆದರೂ ಇಳೀತಿದ್ದಾರೆ. ಮಲ ಎಣ್ಣೆಯಂತೆ ಜಿಡ್ಡು, ನೀರಲ್ಲಿ ತೇಲುತ್ತೆ, ತುಂಬಾ ವಾಸನೆ. ಹೇಳೋಕೆ ಮುಜುಗರ, ಆದರೆ ಕೇಳಲೇಬೇಕು.

ಡಯಟಿಷಿಯನ್, ಮೈಸೂರು

ಅಕ್ಕಾ, ಮುಜುಗರ ಬಿಟ್ಟು ಕೇಳಿದ್ದು ಒಳ್ಳೆಯದಾಯ್ತು. ಇದೇ ಮಾತನ್ನ ಇದೇ ರೀತಿ ನಿಮ್ಮ ಡಾಕ್ಟರಿಗೆ ಹೇಳಿ. ಜಿಡ್ಡು ಕರಗಿಸುವ ಕಿಣ್ವ ಆ ಗ್ರಂಥಿಯಿಂದ ಬರೋದು. ಅದರ ನಾಳ ಕಟ್ಟಿದ್ದರೆ ತಿಂದ ತುಪ್ಪ, ಎಣ್ಣೆ, ಪ್ರೋಟೀನ್ ಮೈಗೆ ಹತ್ತದೆ ಹೊರಗೆ ಹೋಗುತ್ತೆ. ಇದಕ್ಕೆ ಕಿಣ್ವದ ಕ್ಯಾಪ್ಸೂಲ್ ಇದೆ. ದೊಡ್ಡವರಿಗೆ ಸಾಮಾನ್ಯವಾಗಿ ಊಟಕ್ಕೆ 40,000–50,000 ಯುನಿಟ್ ಲೈಪೇಸ್ (ಜಿಡ್ಡು ಕರಗಿಸುವ ಆ ಕಿಣ್ವದ ಹೆಸರು), ಹಾಲು ತಿಂಡಿಗೆ ಅದರ ಅರ್ಧದಷ್ಟು ಬರೆದುಕೊಡ್ತಾರೆ. ಊಟ ಮುಗಿಸಿ ನುಂಗಿದರೆ ಉಪಯೋಗ ಕಮ್ಮಿ, ಮೊದಲ ತುತ್ತಿನ ಜೊತೆ ಶುರುವಾಗಬೇಕು. ಚೀಪಬಾರದು, ಕಾಫಿಯಂಥ ಬಿಸಿಯಲ್ಲಿ ನುಂಗಬಾರದು. ಇದು ಸರಿಹೋಗೋವರೆಗೆ ತುಪ್ಪ ನಿಲ್ಲಿಸಿ ಅಂತ ಯಾರಾದರೂ ಅಂದರೆ, ಮೊದಲು ಕ್ಯಾಪ್ಸೂಲಿನ ಬಗ್ಗೆ ಕೇಳಿ. ಶಕ್ತಿ ಜಾಸ್ತಿ ಇರೋದು ಜಿಡ್ಡಿನಲ್ಲೇ.

ದಾವಣಗೆರೆ ಮೇಷ್ಟ್ರು

ನನಗೆ ದೊಡ್ಡ ಕರುಳಿನ ಕ್ಯಾನ್ಸರ್, ಮುಂದಿನ ತಿಂಗಳು ಆಪರೇಷನ್. ತೂಕ ಇಳಿದಿಲ್ಲ, ಮೂರು ಹೊತ್ತು ಊಟ ಸೇರುತ್ತದೆ. ಇದನ್ನೆಲ್ಲ ಓದಿ ನಾನೂ ಟ್ಯೂಬ್ ಹಾಕಿಸಬೇಕೇ, ರಕ್ತನಾಳದ ಪೋಷಣೆ ತೆಗೆದುಕೊಳ್ಳಬೇಕೇ ಎಂದು ಯೋಚನೆ ಶುರುವಾಗಿದೆ.

ಸರ್ಜರಿ ಪಿಜಿ

ಬೇಡ ಸರ್. ಊಟ ಸೇರುವವರಿಗೆ ಟ್ಯೂಬ್ ಬೇಕಿಲ್ಲ. ರಕ್ತನಾಳದ ಪೋಷಣೆ, ಅಂದರೆ ಪೂರ್ತಿ ಆಹಾರವನ್ನ ಡ್ರಿಪ್ಪಿನಲ್ಲಿ ನೇರ ರಕ್ತಕ್ಕೆ ಕೊಡೋ ಟಿಪಿಎನ್, ಇದರ ಬಗ್ಗೆ 1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನ ಪ್ರಕಟವಾಯಿತು. ತೀರಾ ಅಪೌಷ್ಟಿಕತೆ ಇದ್ದವರಿಗೆ ಮಾತ್ರ ಅದು ನೆರವಾಯಿತು, ಉಳಿದವರಿಗೆ ಸೋಂಕು ಹೆಚ್ಚಾಯಿತು. ಕರುಳು ಕೆಲಸ ಮಾಡ್ತಿದ್ದರೆ ಕರುಳನ್ನೇ ಬಳಸೋದು ನಮ್ಮ ನಿಯಮ.

ನಿಮ್ಮಂಥವರು ಮಾಡಬೇಕಾದದ್ದು, ಊಟದಲ್ಲಿ ಪ್ರೋಟೀನ್ ಏರಿಸಿ, ದಿನಾ ನಡೆಯಿರಿ, ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿ. ರಕ್ತಹೀನತೆ ಇದೆಯಾ ನೋಡಿಸಿ, ದೊಡ್ಡ ಕರುಳಿನ ಗಡ್ಡೆ ಸದ್ದಿಲ್ಲದೆ ರಕ್ತ ಸೋರಿಸ್ತಿರುತ್ತೆ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ಬರೆದಿಡಿ. ಇಳಿಯೋಕೆ ಶುರುವಾದರೆ ಆಪರೇಷನ್ ದಿನದವರೆಗೆ ಕಾಯಬೇಡಿ, ಫೋನ್ ಮಾಡಿ.

ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಒಂದು ಹನಿ ನೀರೂ ಇಲ್ಲದೆ ಕೂರೋದು ಹಳೇ ಪದ್ಧತಿ. ಗಟ್ಟಿ ಆಹಾರ ಆರು ಗಂಟೆ ಮುಂಚೆ, ತಿಳಿಯಾದ ನೀರು ಎರಡು ಗಂಟೆ ಮುಂಚೆ ನಿಲ್ಲಿಸಿದರೆ ಸಾಕು ಅನ್ನೋದು ಈಗಿನ ಕ್ರಮ. ಕೆಲವು ಕಡೆ ಹಿಂದಿನ ರಾತ್ರಿ, ಮತ್ತೆ ಎರಡು ಗಂಟೆ ಮುಂಚೆ ಸಿಹಿ ಪಾನೀಯವನ್ನೂ ಕೊಡ್ತಾರೆ. ನಿಮ್ಮ ಅರವಳಿಕೆ ಡಾಕ್ಟರನ್ನ ಕೇಳಿ, ಅವರು ಹೇಳಿದ್ದೇ ಕೊನೆ. ತಿಪಟೂರಿನ ಮೇಡಂ, ಇದು ನಿಮ್ಮ ಅಪ್ಪನಿಗೆ ಅಲ್ಲ! ಅವರ ಜಠರ ಖಾಲಿಯಾಗೋದೇ ಇಲ್ಲ, ಅವರ ಉಪವಾಸದ ಲೆಕ್ಕವೇ ಬೇರೆ.

ದಾವಣಗೆರೆ ಮೇಷ್ಟ್ರು

ಮನಸ್ಸು ಹಗುರವಾಯಿತು. ಪ್ರೋಟೀನ್ ಏರಿಸಲು ಮನೆಯಲ್ಲೇ ಆಗುವಂಥದ್ದು ಏನಾದರೂ ತಿಳಿಸಿ.

ಡಯಟಿಷಿಯನ್, ಮೈಸೂರು

ಬಾಯಲ್ಲಿ ತಿನ್ನೋಕಾಗುವ ಎಲ್ಲರಿಗೂ ಇದನ್ನ ಹೇಳ್ತೀನಿ. ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ರಾಗಿ ಹಿಟ್ಟು ಮೂರು ಚಮಚ, ಒಂದು ಲೋಟ ಹಾಲು, ಕಾಯಿಸಿ ಇಳಿಸಿದ ಮೇಲೆ ಎರಡು ದೊಡ್ಡ ಚಮಚ ಹಾಲಿನ ಪುಡಿ, ಒಂದು ಚಮಚ ತುಪ್ಪ, ಬೇಕಿದ್ದರೆ ಬೆಲ್ಲ. ಸುಮಾರು 350–400 ಕ್ಯಾಲೊರಿ, 15 ಗ್ರಾಂನಷ್ಟು ಪ್ರೋಟೀನ್ ಸಿಗುತ್ತೆ. ಮೊಳಕೆ ಬಂದಾಗ ರಾಗಿಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನ ಒಡೆಯುತ್ತೆ, ಅದಕ್ಕೇ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಗಟ್ಟಿಯಾಗಲ್ಲ. ಮಕ್ಕಳಿಗೆ ರಾಗಿ ಸರಿ ಮಾಡುವಾಗ ಅಜ್ಜಿಯರು ಮೊಳಕೆ ಕಟ್ಟುತ್ತಿದ್ದರಲ್ಲ, ಅದೇ. ಸ್ವಲ್ಪವೇ ಕುಡಿಯಬಲ್ಲ ರೋಗಿಗೆ ಇದಕ್ಕಿಂತ ಅನುಕೂಲ ಇಲ್ಲ.

ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ, ಅಗಿಯೋಕಾಗದಿದ್ದರೆ ಹುರಿದು ಪುಡಿ ಮಾಡಿ ಮೊಸರಿಗೆ ಕಲಸಿ. ಸಾರಿನ ತಿಳಿ ಬಿಟ್ಟು ತಳದ ಬೇಳೆ ಬಡಿಸಿಕೊಳ್ಳಿ. ಊಟದ ಜೊತೆಗೇ ಎರಡು ಲೋಟ ನೀರು ಕುಡಿದು ಹೊಟ್ಟೆ ತುಂಬಿಸಬೇಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನ ಕೇಳದೆ ಪ್ರೋಟೀನ್ ಏರಿಸಬಾರದು. ಗಡ್ಡೆಯಿಂದ ಕರುಳು ಕಿರಿದಾಗಿದೆ ಅಂದಿದ್ದರೆ ಸೊಪ್ಪು, ನಾರು, ಸಿಪ್ಪೆ ಇರೋದನ್ನೂ ಕೇಳಿಯೇ ತಿನ್ನಿ.

ತಿಪಟೂರಿನವಳು

ಎರಡನೇ ವಾರ ನಡೀತಿದೆ. ಶುರುವಿನಲ್ಲಿ ಫಾಸ್ಫೇಟ್ ಇಳಿದಿತ್ತು, ಮೇಡಂ ಮೊದಲೇ ಹೇಳಿದ್ದರಿಂದ ನಾವು ಗಾಬರಿ ಆಗಲಿಲ್ಲ. ಡ್ರಿಪ್ಪಿನಲ್ಲಿ ಕೊಟ್ಟು ಸರಿ ಮಾಡಿದರು. ಈಗ ಗಂಟೆಗೆ 60 ಮಿಲಿ ಹೋಗ್ತಿದೆ. ಮಲಗುವಾಗಲೂ ತಲೆ ಕಡೆ ಎತ್ತರಿಸಿ ಇಡ್ತಾರೆ. ಅಪ್ಪ ವಾರ್ಡಿನಲ್ಲಿ ಸ್ಟ್ಯಾಂಡ್ ತಳ್ಳಿಕೊಂಡು ನಡೀತಾರೆ, ಮೂರು ಚೆಂಡಿನ ಡಬ್ಬಿಯಲ್ಲಿ ಉಸಿರು ಎಳೆಯೋದು ಕಲಿಸಿದ್ದಾರೆ. ತೂಕ 49.5. ಆಪರೇಷನ್ ಮುಂದಿನ ವಾರ ಅಂತ ಹೇಳಿದ್ದಾರೆ. ದೊಡ್ಡಪ್ಪ ಬಂದು ನೋಡಿ, "ಮುಖದಲ್ಲಿ ಕಳೆ ಬಂದಿದೆ" ಅಂದರು.

ನಿನ್ನೆ ಟ್ಯೂಬ್ ಒಂದು ಸಲ ಕಟ್ಟಿತ್ತು. ಮಾತ್ರೆ ಪುಡಿ ಮಾಡಿ ಹಾಕಿದ್ದರಿಂದ ಅಂದ್ರು. ಆಪರೇಷನ್ನಿಗೆ ಮುಂಚೆ ಸರ್ಜನ್ ಹತ್ತಿರ ಇನ್ನೇನು ಕೇಳಬೇಕು?

ಹುಬ್ಬಳ್ಳಿ ಮಂದಿ

ಭಾಳ ಖುಷಿ ಆತ್ರಿ. ಆಹಾರ ಬಿಡೂಕಿಂತ ಮೊದ್ಲ, ಬಿಟ್ಟ ಮ್ಯಾಲ, ಎರಡೂ ಸಲ ಕಾಸಿ ಆರಿಸಿದ ನೀರು 30 ಮಿಲಿ ಹಾಕಿ ತೊಳೀರಿ. ಮೂಗಿನ ಹತ್ರ ನಳಿಗಿ ಮ್ಯಾಲ ಗುರ್ತು ಇರ್ತೈತಿ, ಅದು ಸರಿದಿದ್ರ ಏನೂ ಹಾಕಬ್ಯಾಡ್ರಿ, ನೀವ ಒಳಗ ದೂಡಾಕೂ ಹೋಗಬ್ಯಾಡ್ರಿ. ಸಿಸ್ಟರ್‌ನ ಕರೀರಿ.

ಸರ್ಜರಿ ಪಿಜಿ

ಮಾತ್ರೆಗಳಿಗೆ ಬದಲು ಸಿರಪ್ ಇದೆಯಾ ಅಂತ ಕೇಳಿ. ಸರ್ಜನ್ ಹತ್ತಿರ ಮೂರು ವಿಷಯ ಮಾತಾಡಿ. ಆಪರೇಷನ್ ಸಮಯದಲ್ಲೇ ಕರುಳಿಗೆ ಆಹಾರದ ನಳಿಕೆ ಇಡ್ತಾರಾ, ಇಲ್ಲ ಈಗಿರುವ ಟ್ಯೂಬನ್ನೇ ಉಳಿಸ್ತಾರಾ ಅನ್ನೋದು ಒಂದು. ಆಪರೇಷನ್ ಆದ ಎಷ್ಟನೇ ದಿನ ಆಹಾರ ಶುರು ಮಾಡ್ತಾರೆ ಅನ್ನೋದು ಇನ್ನೊಂದು. ಹಾಗೇ, ಅರ್ಜಿನಿನ್, ಒಮೆಗಾ-3, ನ್ಯೂಕ್ಲಿಯೋಟೈಡ್ ಸೇರಿಸಿದ ಪೋಷಕ ಪುಡಿಯನ್ನ ಆಪರೇಷನ್ನಿನ ಆಸುಪಾಸಿನಲ್ಲಿ 5–7 ದಿನ ಕೆಲವರು ಕೊಡ್ತಾರೆ. ನಿಮ್ಮವರು ಬರೆದುಕೊಟ್ಟರೆ ತನ್ನಿ, ಇಲ್ಲದಿದ್ದರೆ ಅದಕ್ಕಾಗಿ ಸಾಲ ಮಾಡಬೇಡಿ. ಸಾಕಷ್ಟು ಕ್ಯಾಲೊರಿ, ಪ್ರೋಟೀನ್ ಹೋಗೋದೇ ಮೊದಲು.

ಡಯಟಿಷಿಯನ್, ಮೈಸೂರು

ಜಠರ ಪೂರ್ತಿ ತೆಗೆದರೆ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕಾಗುತ್ತೆ, ಸ್ವಲ್ಪ ಭಾಗ ತೆಗೆದರೂ ಆಗಾಗ ಪರೀಕ್ಷೆ ಮಾಡಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಅದು ಬರೆದಿದೆಯಾ ನೋಡಿಕೊಳ್ಳಿ. ಮನೆಗೆ ಹೋದ ಮೇಲೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ, ಪ್ರತಿ ಸಲವೂ ಅದರಲ್ಲಿ ಪ್ರೋಟೀನಿನದ್ದು ಏನಾದರೂ ಇರಲಿ. ಆಪರೇಷನ್ ದಿನ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ. ಅಮ್ಮನೂ ಊಟ ಮಾಡ್ತಿದ್ದಾರಾ ಅಂತ ಒಮ್ಮೆ ನೋಡಿ.